ಹಾಡುಗಾರನ ಪಕ್ಕದಲ್ಲಿ ಕೂತವರು: ಬಿಲ್ ವಿದರ್ಸ್ ಅವರ ಮೊದಲ ಆಲ್ಬಮ್ ಮತ್ತು ಅದರ ಸಂಗಡಿಗರು

ಎಲ್ಲರಿಗೂ ನಮಸ್ಕಾರ.

ಈ ಸಂಜೆಯ ಮಾತನ್ನು ನಾನು ಒಂದೇ ಆಲ್ಬಮಿಗೆ ಸೀಮಿತಗೊಳಿಸಿಕೊಂಡಿದ್ದೇನೆ. 1971ರ ಮೇ ತಿಂಗಳಲ್ಲಿ ಅಮೆರಿಕದಲ್ಲಿ ಬಿಡುಗಡೆಯಾದ ಅದರ ಹೆಸರು ‘ಜಸ್ಟ್ ಆ್ಯಸ್ ಐ ಆ್ಯಮ್’. ಹಾಡಿದವರು ಬಿಲ್ ವಿದರ್ಸ್. ಎರಡನ್ನು ಬಿಟ್ಟರೆ ಉಳಿದ ಹಾಡುಗಳು ಅವರವೇ. ಅದು ಅವರ ಮೊದಲ ಆಲ್ಬಮ್. ಆಗ ಅವರಿಗೆ 32 ವರ್ಷ ವಯಸ್ಸಾಗಿತ್ತು, ವಿಮಾನದ ಬಿಡಿಭಾಗಗಳನ್ನು ತಯಾರಿಸುವ ಕಾರ್ಖಾನೆಯಲ್ಲಿ ಕೆಲಸವಿತ್ತು. ಇದರಲ್ಲಿರುವ ‘ಏಂಟ್ ನೋ ಸನ್‌ಶೈನ್’ ಹಾಡನ್ನು ನಿಮ್ಮಲ್ಲಿ ಹೆಚ್ಚಿನವರು, ಯಾರು ಹಾಡಿದ್ದೆಂದು ತಿಳಿಯದೆಯಾದರೂ, ಎಲ್ಲೋ ಒಂದು ಕಡೆ ಕೇಳಿಯೇ ಇರುತ್ತೀರಿ.

ಆದರೆ ನಾನು ಮಾತನಾಡಲು ಹೊರಟಿರುವುದು ಹಾಡುಗಾರನ ಬಗ್ಗೆ ಮಾತ್ರವಲ್ಲ, ಆತನ ಪಕ್ಕದಲ್ಲಿ ಕೂತು ನುಡಿಸಿದವರ ಬಗ್ಗೆಯೂ ಹೌದು. ಒಂದು ಆಲ್ಬಮಿನಲ್ಲಿ ಹೆಸರಾಂತ ವಾದಕರು ಸೇರಿದ್ದಾರೆ ಎಂದಾಗ ಅವರು ಏನೇನು ಸೇರಿಸಿದರು ಎಂದು ಲೆಕ್ಕ ಹಾಕುವುದು ವಾಡಿಕೆ: ಇಂಥವರ ಗಿಟಾರ್, ಇಂಥವರ ಆರ್ಗನ್, ಇಂಥವರ ಪಿಟೀಲು ಸಂಯೋಜನೆ ಎಂದು. ಈ ಆಲ್ಬಮಿನ ಸಂಗಡಿಗರ ದೊಡ್ಡತನವನ್ನು ಅಳೆಯಬೇಕಾದದ್ದು ಅವರು ಏನನ್ನು ಸೇರಿಸಲಿಲ್ಲ, ಏನನ್ನು ತಿದ್ದಲಿಲ್ಲ ಎಂಬುದರಿಂದ ಎಂದು ನಾನು ನಂಬಿದ್ದೇನೆ. ಕಛೇರಿ ಕೇಳಿ ಬಲ್ಲವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಹಾಡುಗಾರನ ಉಸಿರು ತಿಳಿದು ನುಡಿಸುವ ಮೃದಂಗದವರು ಎಲ್ಲಿ ಕೈ ಎತ್ತಿಬಿಡುತ್ತಾರೆ ಎಂಬುದರಲ್ಲೇ ಅವರ ವಿದ್ವತ್ತು ಗೊತ್ತಾಗುತ್ತದೆ. ಈ ಆಲ್ಬಮಿಗೆ ನುಡಿಸಿದ ಮೆಂಫಿಸ್ ಮತ್ತು ಲಾಸ್ ಏಂಜಲೀಸ್‌ನ ವಾದಕರು ಆ ಜಾಣ್ಮೆಯನ್ನು ತಮ್ಮದೇ ದಾರಿಯಲ್ಲಿ ಕಲಿತು ಬಂದಿದ್ದರು.

ಮೊದಲು ಹಾಡುಗಾರರ ಹಿನ್ನೆಲೆ. ವಿದರ್ಸ್ ಹುಟ್ಟಿದ್ದು 1938ರ ಜುಲೈ 4ರಂದು, ವೆಸ್ಟ್ ವರ್ಜೀನಿಯಾದ ಸ್ಲ್ಯಾಬ್ ಫೋರ್ಕ್ ಎಂಬ ಕಲ್ಲಿದ್ದಲ ಗಣಿಯ ಊರಿನಲ್ಲಿ. ಬೆಳೆದದ್ದು ಹತ್ತಿರದ ಬೆಕ್ಲಿಯಲ್ಲಿ. ಹದಿಮೂರರ ಹುಡುಗನಾಗಿದ್ದಾಗಲೇ ತಂದೆ ತೀರಿಕೊಂಡರು. ಬಾಲ್ಯದಿಂದಲೂ ಉಗ್ಗು ಇತ್ತು, ಅದು ದೊಡ್ಡವರಾದ ಮೇಲೂ ಬಹುಕಾಲ ಬಿಟ್ಟುಹೋಗಲಿಲ್ಲ. ಹದಿಹರೆಯದಲ್ಲೇ ನೌಕಾಪಡೆ ಸೇರಿ ಒಂಬತ್ತು ವರ್ಷ ದುಡಿದರು. 1967ರಲ್ಲಿ ಲಾಸ್ ಏಂಜಲೀಸ್‌ಗೆ ಬಂದಾಗ ಅವರು ಸಂಗೀತಗಾರರೇನೂ ಆಗಿರಲಿಲ್ಲ. ಓಕ್‌ಲ್ಯಾಂಡ್‌ನ ಒಂದು ಕ್ಲಬ್ಬಿನಲ್ಲಿ ಗಾಯಕ ಲೂ ರಾಲ್ಸ್ ಸಮಯಕ್ಕೆ ಬಾರದೇ ಹೋದಾಗ, ವಾರಕ್ಕೆ 2,000 ಡಾಲರ್ ಕೊಟ್ಟರೂ ಈ ಮನುಷ್ಯ ಹೊತ್ತಿಗೆ ಸರಿಯಾಗಿ ಬರುವುದಿಲ್ಲವಲ್ಲ ಎಂದು ಮ್ಯಾನೇಜರ್ ಗೊಣಗಿದ್ದು ಅವರ ಕಿವಿಗೆ ಬಿತ್ತಂತೆ. ಗಂಟೆಗೆ 3 ಡಾಲರ್ ದುಡಿಯುತ್ತಿದ್ದ ವಿದರ್ಸ್ ಅಗ್ಗದ ಗಿಟಾರೊಂದನ್ನು ಕೊಂಡು, ಪಾಳಿಗಳ ನಡುವಿನ ಬಿಡುವಿನಲ್ಲಿ ತಾವೇ ಕಲಿತು, ಹಾಡು ಕಟ್ಟತೊಡಗಿದರು. ಕಾರ್ಖಾನೆಯ ಸಂಬಳದಲ್ಲಿ ಉಳಿಸಿದ ಹಣದಿಂದಲೇ ಮಾದರಿ ಧ್ವನಿಮುದ್ರಣ ಮಾಡಿಸಿ ಕಂಪನಿಯಿಂದ ಕಂಪನಿಗೆ ಹಿಡಿದು ಅಲೆದರು. ಯಾರೂ ಒಪ್ಪಲಿಲ್ಲ. ಕೊನೆಗೆ ಅದು ಕ್ಲಾರೆನ್ಸ್ ಅವಾಂಟ್ ಅವರ ಕೈಗೆ ತಲುಪಿತು. ಅವಾಂಟ್ ಆಗ ‘ಸಸೆಕ್ಸ್ ರೆಕಾರ್ಡ್ಸ್’ ಎಂಬ ಸಣ್ಣ ಕಂಪನಿಯನ್ನು ನಡೆಸುತ್ತಿದ್ದರು. ದೊಡ್ಡ ಕಂಪನಿಗಳು ಬೇಡವೆಂದ ದನಿಗಳಿಗೆ ಅಲ್ಲೊಂದು ಬಾಗಿಲು ತೆರೆದಿರುತ್ತಿತ್ತು.

ಅವಾಂಟ್ ಈ ಆಲ್ಬಮಿಗೆ ಮಾಡಿದ ಉಪಕಾರಗಳಲ್ಲಿ ದೊಡ್ಡದು, ಧ್ವನಿಮುದ್ರಣವನ್ನು ರೂಪಿಸುವ ನಿರ್ಮಾಪಕರಾಗಿ ಬುಕರ್ ಟಿ. ಜೋನ್ಸ್ ಅವರನ್ನು ಆರಿಸಿದ್ದು. ಈ ಹೆಸರಿನ ಬಳಿ ಸ್ವಲ್ಪ ಹೊತ್ತು ನಿಲ್ಲಬೇಕು. ಟೆನೆಸಿಯ ಮೆಂಫಿಸ್‌ನಲ್ಲಿದ್ದ ‘ಸ್ಟ್ಯಾಕ್ಸ್’ ಎಂಬ ಧ್ವನಿಮುದ್ರಣ ಕಂಪನಿಯಲ್ಲಿ ಅದರ ಗಾಯಕರಿಗೆ ನುಡಿಸುತ್ತಿದ್ದ ಖಾಯಂ ವಾದ್ಯಗಾರರ ತಂಡ ‘ಬುಕರ್ ಟಿ. ಆ್ಯಂಡ್ ದಿ ಎಂ.ಜಿ.ಸ್’. 1962ರಲ್ಲಿ ಅವರ ‘ಗ್ರೀನ್ ಆನಿಯನ್ಸ್’ ವಾದ್ಯಕೃತಿ ದೇಶದುದ್ದಕ್ಕೂ ಕೇಳಿಬಂದಾಗ ಆರ್ಗನ್ ನುಡಿಸಿದ ಬುಕರ್‌ಗೆ ಇನ್ನೂ 17 ವರ್ಷ. ಕರಿಯರೂ ಬಿಳಿಯರೂ ಒಂದೇ ಹೋಟೆಲಿನಲ್ಲಿ ಕೂತು ಉಣ್ಣಲಾಗದಿದ್ದ ಊರಿನಲ್ಲಿ ಇಬ್ಬರು ಕರಿಯರು, ಇಬ್ಬರು ಬಿಳಿಯರು ದಿನವೂ ಒಂದೇ ಕೋಣೆಯಲ್ಲಿ ಕೂತು ಓಟಿಸ್ ರೆಡ್ಡಿಂಗ್ ಅವರಂಥ ಮಹಾಗಾಯಕರಿಗೆ ನುಡಿಸುತ್ತಿದ್ದರು. 1967ರ ಡಿಸೆಂಬರಿನಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಳ್ಳುವುದಕ್ಕೆ ಕೆಲವೇ ದಿನಗಳ ಮೊದಲು ರೆಡ್ಡಿಂಗ್ ಹಾಡಿದ ‘ಡಾಕ್ ಆಫ್ ದಿ ಬೇ’ ಮಾತಿನಲ್ಲಿ ಮುಗಿಯುವುದಿಲ್ಲ, ಸಿಳ್ಳೆಯಲ್ಲಿ ಮುಗಿಯುತ್ತದೆ. ಆ ಹಾಡಿಗೆ ನುಡಿಸಿದವರೂ ಇವರೇ. ಆ ಸಿಳ್ಳೆಯನ್ನು ನೆನಪಿನಲ್ಲಿಡಿ, ಅದರ ತಮ್ಮನೊಬ್ಬ ಮುಂದೆ ಬರುತ್ತಾನೆ. ಸ್ಟ್ಯಾಕ್ಸ್ ದೊಡ್ಡ ವ್ಯಾಪಾರಸ್ಥರ ಕೈಗೆ ಹೋದ ಮೇಲೆ ಅಲ್ಲಿನ ರೀತಿನೀತಿ ಒಗ್ಗದೆ ಬುಕರ್ ಕ್ಯಾಲಿಫೋರ್ನಿಯಾಕ್ಕೆ ಬಂದಿದ್ದರು.

ಮೊದಲ ದಿನದ ಧ್ವನಿಮುದ್ರಣವನ್ನು ಬುಕರ್ ಬಹಳ ವರ್ಷಗಳ ನಂತರ ನೆನಪಿಸಿಕೊಂಡಿದ್ದಾರೆ. ವಿದರ್ಸ್ ಕಾರ್ಖಾನೆಯಿಂದ ನೇರವಾಗಿ, ಕೆಲಸದ ಬೂಟುಗಳಲ್ಲೇ, ಒಂದು ಹಳೆಯ ಗಿಟಾರನ್ನೂ ಹಾಡುಗಳಿಂದ ತುಂಬಿದ ನೋಟ್‌ಬುಕ್ಕನ್ನೂ ಹಿಡಿದು ಬಂದರು. ಸ್ಟುಡಿಯೋದಲ್ಲಿ ನೆರೆದಿದ್ದ ವಾದಕರನ್ನು ನೋಡಿದವರೇ ಬುಕರ್ ಅವರನ್ನು ಪಕ್ಕಕ್ಕೆ ಕರೆದು, ಈ ಹಾಡುಗಳನ್ನು ಹಾಡುವವರು ಯಾರು ಎಂದು ಕೇಳಿದರು. ನೀವೇ ಎಂದರು ಬುಕರ್. ಹಾಡುವುದಕ್ಕೆ ಬೇರೆ ಯಾರೋ ಗಾಯಕ ಬರುತ್ತಾನೆಂದು ವಿದರ್ಸ್ ಎಣಿಸಿದ್ದರು. ಈ ಪ್ರಸಂಗವನ್ನು ಗಾಯಕನ ಮುಗ್ಧತೆಗೆ ಉದಾಹರಣೆಯಾಗಿ ಹೇಳುವವರಿದ್ದಾರೆ. ನನಗೆ ಇದರಲ್ಲಿ ನಿರ್ಮಾಪಕನ ತೀರ್ಮಾನವೇ ದೊಡ್ಡದಾಗಿ ಕಾಣುತ್ತದೆ. ತರಬೇತಿಯಿಲ್ಲದ ಕಂಠ, ಮೂರು ನಾಲ್ಕು ಸ್ವರಗುಚ್ಛ ಬಲ್ಲ ಗಿಟಾರ್, ಸಣ್ಣ ಕಂಪನಿಯ ಸಣ್ಣ ಬಂಡವಾಳ. ಇಷ್ಟನ್ನು ಮುಂದಿಟ್ಟುಕೊಂಡ ಬೇರೊಬ್ಬ ನಿರ್ಮಾಪಕ ಆ ಕಂಠದ ಸುತ್ತ ತುತ್ತೂರಿಗಳನ್ನೂ ಹೆಣ್ಣುದನಿಗಳ ಮೇಳವನ್ನೂ ಜೋಡಿಸಿ ಅದನ್ನು ಸೋಲ್ ಎಂದು ಕರೆಯುವ, ಅಮೆರಿಕದ ಕರಿಯರ ಅಂದಿನ ಸಂಗೀತದ ರೂಢಿಯ ಅಚ್ಚಿಗೆ ಸುರಿದುಬಿಡುತ್ತಿದ್ದ. ಬುಕರ್ ಆ ಕಂಠವನ್ನು ನಡುವೆ ಕೂರಿಸಿ, ಅದನ್ನು ಮುಚ್ಚುವಂಥದ್ದೇನೂ ಬೇಡವೆಂದು ತೀರ್ಮಾನಿಸಿದರು.

ಹಾಗೆಂದು ಅವರು ಕರೆಸಿದ ವಾದಕರು ಸಾಮಾನ್ಯರಲ್ಲ. ಬೇಸ್ ಗಿಟಾರಿಗೆ ಡೊನಾಲ್ಡ್ ‘ಡಕ್’ ಡನ್, ಡ್ರಮ್ಸ್‌ಗೆ ಆಲ್ ಜಾಕ್ಸನ್ ಜೂನಿಯರ್: ಇಬ್ಬರೂ ಮೆಂಫಿಸ್‌ನ ಹಳೆಯ ಜೊತೆಗಾರರು. ಆ ತಂಡದ ಗಿಟಾರ್ ವಾದಕ ಸ್ಟೀವ್ ಕ್ರಾಪರ್ ಇರಬೇಕಾಗಿದ್ದ ಜಾಗದಲ್ಲಿ ‘ಕ್ರಾಸ್ಬಿ, ಸ್ಟಿಲ್ಸ್, ನ್ಯಾಶ್ ಆ್ಯಂಡ್ ಯಂಗ್’ ತಂಡದಿಂದ ಅಷ್ಟರಲ್ಲೇ ಮನೆಮಾತಾಗಿದ್ದ ಸ್ಟೀಫನ್ ಸ್ಟಿಲ್ಸ್ ಕೂತರು. ಕೆಲವು ಹಾಡುಗಳಿಗೆ ಜಿಮ್ ಕೆಲ್ಟ್‌ನರ್ ಡ್ರಮ್ಸ್ ನುಡಿಸಿದ್ದಾರೆ, ಕ್ರಿಸ್ ಎಥ್ರಿಜ್ ಬೇಸ್ ನುಡಿಸಿದ್ದಾರೆ. ತಾಳವಾದ್ಯಗಳಿಗೆ ಬಾಬಿ ಹಾಲ್. ಡೆಟ್ರಾಯಿಟ್‌ನಿಂದ ಬಂದ ಈ ಮಹಿಳೆ, ಗಂಡಸರೇ ತುಂಬಿದ್ದ ಸ್ಟುಡಿಯೋ ಲೋಕದಲ್ಲಿ ಬೇಡಿಕೆಯ ಕಲಾವಿದೆಯಾಗಿದ್ದರು; ವಿದರ್ಸ್ ಅವರ ಮುಂದಿನ ಧ್ವನಿಮುದ್ರಣಗಳಲ್ಲೂ ಅವರ ಕೈ ಕೇಳಿಸುತ್ತದೆ. ಧ್ವನಿಮುದ್ರಣದ ಯಂತ್ರದ ಮುಂದೆ ಕೂತವರು ಬಿಲ್ ಹ್ಯಾಲ್ವರ್ಸನ್. ಗಾಯಕನೊಬ್ಬನನ್ನು ಬಿಟ್ಟರೆ ಆ ಕೋಣೆಯಲ್ಲಿ ಎಲ್ಲರೂ ಆಗಲೇ ಹೆಸರು ಮಾಡಿದವರು.

ಇದು ಆ ಗಾಯಕನಿಗೆ ಎಷ್ಟು ಭಯ ಹುಟ್ಟಿಸಿರಬೇಕು ಎಂದು ಊಹಿಸುವುದು ಕಷ್ಟವಲ್ಲ. ಅಂಥ ಒಂದು ದಿನ ಸ್ಟಿಲ್ಸ್ ಅವರ ಗೆಳೆಯ ಗ್ರಹಾಂ ನ್ಯಾಶ್ ಸ್ಟುಡಿಯೋಗೆ ಬಂದರು. ಅಳುಕಿನಿಂದಿದ್ದ ವಿದರ್ಸ್ ಎದುರಿಗೆ ಕೂತು, ನೀವು ಎಷ್ಟು ಚೆನ್ನಾಗಿ ಹಾಡುತ್ತೀರಿ ಎಂಬುದು ನಿಮಗೇ ತಿಳಿದಿಲ್ಲ ಎಂದರು. ನ್ಯಾಶ್ ಹೆಸರು ಈ ಆಲ್ಬಮಿನ ವಾದಕರ ಪಟ್ಟಿಯಲ್ಲಿಲ್ಲ, ಅವರು ಒಂದು ಸ್ವರವನ್ನೂ ನುಡಿಸಲಿಲ್ಲ. ಆದರೂ ವಿದರ್ಸ್ ಆ ಮಾತನ್ನು ಮುಪ್ಪಿನ ತನಕ ಮರೆಯಲಿಲ್ಲ, ಆದ್ದರಿಂದ ನಾನು ಅವರನ್ನೂ ಸಂಗಡಿಗರ ಸಾಲಿನಲ್ಲೇ ಎಣಿಸುತ್ತೇನೆ.

ಹಣದ ವಿಷಯವನ್ನೂ ಹೇಳಿಬಿಡುತ್ತೇನೆ. ಮೂರು ಮೂರು ಗಂಟೆಗಳ ನಾಲ್ಕು ಬೈಠಕ್‌ಗಳಲ್ಲಿ ಆಲ್ಬಮ್ ಮುಗಿಸುವ ಯೋಜನೆಯಿತ್ತು. ಬಂಡವಾಳ ಸಾಲದೆ ಅದು ಮೂರಕ್ಕೆ ಇಳಿಯಿತು, ಎರಡನೆಯದಕ್ಕೂ ಮೂರನೆಯದಕ್ಕೂ ನಡುವೆ ಆರು ತಿಂಗಳು ಸುಮ್ಮನೆ ಕಳೆದವು. ಆ ಅವಧಿಯಲ್ಲೂ ವಿದರ್ಸ್ ಕಾರ್ಖಾನೆಯ ಕೆಲಸ ಬಿಡಲಿಲ್ಲ. ಸಮಯವೂ ದುಡ್ಡೂ ಕಡಿಮೆಯಿದ್ದುದರಿಂದ ಹಾಡುಗಳು ಸರಳವಾದವು ಎಂದು ಯಾರಾದರೂ ವಾದಿಸಬಹುದು. ನಾನು ಅದನ್ನು ಪೂರ್ತಿ ಒಪ್ಪುವುದಿಲ್ಲ. ಕೊರತೆ ಸರಳತೆಯನ್ನು ಹೇರಬಲ್ಲದು, ನಿಜ. ಆದರೆ ಎಲ್ಲಿ ಸುಮ್ಮನಿರಬೇಕು ಎಂಬ ವಿವೇಕವನ್ನು ಅದು ಕಲಿಸಲಾರದು.

ಆ ವಿವೇಕವನ್ನು ಹತ್ತಿರದಿಂದ ನೋಡಲು ‘ಏಂಟ್ ನೋ ಸನ್‌ಶೈನ್’ ಹಾಡಿಗೆ ಬರೋಣ. ಈಗ ತಾನೇ ನಾವೆಲ್ಲ ಅದನ್ನು ಕೇಳಿದೆವು. ಇಡೀ ಹಾಡು ಸುಮಾರು ಎರಡು ನಿಮಿಷ. 1962ರ ‘ಡೇಸ್ ಆಫ್ ವೈನ್ ಆ್ಯಂಡ್ ರೋಸಸ್’ ಚಿತ್ರವನ್ನು, ಕುಡಿತಕ್ಕೆ ಬಿದ್ದು ಒಬ್ಬರನ್ನೊಬ್ಬರು ಬಿಡಲೂ ಆಗದೆ ಬಾಳಲೂ ಆಗದೆ ನವೆಯುವ ಆ ದಂಪತಿಗಳನ್ನು, ಟಿವಿಯಲ್ಲಿ ನೋಡಿದಾಗ ಈ ಹಾಡು ಮನಸ್ಸಿನಲ್ಲಿ ಮೊಳೆಯಿತೆಂದು ವಿದರ್ಸ್ ಹೇಳಿದ್ದಾರೆ. ಹಾಡಿಗೆ ಪೀಠಿಕೆಯ ವಾದ್ಯವಿಲ್ಲ. ಮೊದಲ ಪದವನ್ನು ಕಂಠವೊಂದೇ ಎತ್ತಿಕೊಳ್ಳುತ್ತದೆ, ವಾದ್ಯಗಳು ಅದರ ಹಿಂದೆ ಬರುತ್ತವೆ. ಗಿಟಾರ್, ಬೇಸ್, ಡ್ರಮ್ಸ್: ಮೊದಲ ಚರಣಕ್ಕೆ ಇಷ್ಟೇ. ಸ್ಟಿಲ್ಸ್ ಆ ಕಾಲದ ರಾಕ್ ಗಿಟಾರ್ ವಾದಕರಲ್ಲಿ ಮುಂಚೂಣಿಯವರು. ಈ ಹಾಡಿನಲ್ಲಿ ಅವರು ತಮ್ಮ ಇರುವಿಕೆಯನ್ನು ಎಲ್ಲೂ ಸಾರುವುದಿಲ್ಲ. ಗಾಯನದ ನಡುವಿನ ಖಾಲಿ ಜಾಗಗಳನ್ನು ತುಂಬಿಬಿಡುವ ಆಸೆ ಎಂಥ ಗಿಟಾರ್ ವಾದಕನಿಗೂ ಹುಟ್ಟುವ ಕಡೆ ಅವರು ಖಾಲಿಯನ್ನು ಖಾಲಿಯಾಗಿಯೇ ಬಿಟ್ಟಿದ್ದಾರೆ. ಎರಡನೇ ಚರಣಕ್ಕೆ ಬುಕರ್ ಸಂಯೋಜಿಸಿದ ಪಿಟೀಲುಗಳು ಬರುತ್ತವೆ. ಅವೂ ಕಣ್ಣೀರು ಹಿಂಡುವ ಕೆಲಸಕ್ಕೆ ಹೋಗುವುದಿಲ್ಲ. ಕಂಠದ ಹಿಂದೆ ಎದ್ದು, ಕಂಠ ನಿಂತಲ್ಲಿ ಒಂದು ಉಸಿರಿನಷ್ಟು ಮುಂದುವರಿದು, ಹಿಂದೆ ಸರಿಯುತ್ತವೆ.

ಅಲ್ಲಿಂದ ಮುಂದೆ ಬರುವುದೇ ಆ ಪ್ರಸಿದ್ಧ ಭಾಗ. ನನಗೆ ಗೊತ್ತು ಎಂಬ ಅರ್ಥದ ಎರಡು ಪುಟ್ಟ ಪದಗಳನ್ನು ವಿದರ್ಸ್ 26 ಸಲ, ಒಂದರ ಬೆನ್ನಿಗೆ ಒಂದರಂತೆ ಹಾಡುತ್ತಾರೆ. ಅಸಲಿಗೆ ಆ ಜಾಗದಲ್ಲಿ ಇನ್ನೊಂದು ಚರಣ ಇರಬೇಕಾಗಿತ್ತು. ಸಾಹಿತ್ಯ ಇನ್ನೂ ಸಿದ್ಧವಿರಲಿಲ್ಲ. ಆಮೇಲೆ ಬರೆದು ಸೇರಿಸೋಣವೆಂದು ಅವರು ಸದ್ಯಕ್ಕೆ ಆ ಪದಗಳಿಂದ ಜಾಗ ತುಂಬಿಸಿದ್ದರು. ಕೋಣೆಯಲ್ಲಿದ್ದ ವಾದಕರು ಅದನ್ನು ಹಾಗೆಯೇ ಬಿಡಬೇಕೆಂದರು, ಬುಕರ್ ಕೂಡ ಅದೇ ಮಾತು ಹೇಳಿದರು. ಇಷ್ಟು ಅನುಭವಸ್ಥರು ಹೇಳುವಾಗ ಕಾರ್ಖಾನೆಯ ಕೆಲಸಗಾರನಾದ ತಾನು ಎದುರಾಡುವುದು ಸರಿಯಲ್ಲವೆಂದು ವಿದರ್ಸ್ ಒಪ್ಪಿಕೊಂಡರು. ರೆಡ್ಡಿಂಗ್ ಹಾಡಿನಲ್ಲಿ ಮಾತಿನ ಜಾಗಕ್ಕೆ ಬಂದ ಆ ಸಿಳ್ಳೆಯ ತಮ್ಮನೆಂದು ನಾನು ಹೇಳಿದ್ದು ಇದನ್ನೇ.

ಆ ಭಾಗದಲ್ಲಿ ವಾದ್ಯಗಳು ಏನು ಮಾಡುತ್ತವೆ ಎಂಬುದನ್ನು ದಯವಿಟ್ಟು ಮತ್ತೊಮ್ಮೆ ಕಿವಿಗೊಟ್ಟು ಕೇಳಿ. ಪಿಟೀಲು ನಿಲ್ಲುತ್ತದೆ, ಗಿಟಾರ್ ನಿಲ್ಲುತ್ತದೆ, ಬೇಸ್ ನಿಲ್ಲುತ್ತದೆ. ಕಂಠದ ಜೊತೆಗೆ ಉಳಿಯುವುದು ಆಲ್ ಜಾಕ್ಸನ್ ಅವರ ಡ್ರಮ್ಸ್ ಮಾತ್ರ. ವಿದರ್ಸ್ ಅವರ ಪದಗಳು ತಾಳದ ಗೆರೆಗಳನ್ನು ದಾಟಿ ದಾಟಿ ಬೀಳುತ್ತವೆ. ಎಲ್ಲಿ ಒಂದು ಆವರ್ತ ಮುಗಿಯಿತು, ಎಲ್ಲಿ ಇನ್ನೊಂದು ಶುರುವಾಯಿತು ಎಂದು ಕೇಳುವವರಿಗೆ ಗೊಂದಲವಾಗುತ್ತದೆ. ಜಾಕ್ಸನ್ ಆ ಗೊಂದಲವನ್ನು ಬಿಡಿಸಿ ತೋರಿಸಲು ಒಂದು ಉರುಳಿಕೆಯನ್ನೂ ಹಾಕುವುದಿಲ್ಲ, ಪದಗಳನ್ನು ಹಿಂಬಾಲಿಸಲೂ ಹೋಗುವುದಿಲ್ಲ. ಲಯವನ್ನು ಅಲುಗದಂತೆ ಹಿಡಿದು ಕೂರುತ್ತಾರೆ. ಬಿಟ್ಟುಹೋದವಳನ್ನು ಮರೆಯಬೇಕೆಂದು ತನಗೆ ತಾನೇ ಹೇಳಿಕೊಳ್ಳುತ್ತಾ ಹೇಳಿಕೊಳ್ಳುತ್ತಾ ಹಿಡಿತ ತಪ್ಪುತ್ತಿರುವವನೊಬ್ಬನನ್ನು ನಾವು ಅಲ್ಲಿ ಕೇಳುತ್ತೇವೆ, ಅವನು ತಪ್ಪುತ್ತಿರುವುದು ನಮಗೆ ತಿಳಿಯುವುದು ಹಿಂದಿರುವ ಲಯ ತಪ್ಪದಿರುವುದರಿಂದ. ಇಪ್ಪತ್ತು ಸೆಕೆಂಡಿಗೂ ಕಡಿಮೆಯ ಈ ನುಡಿಸುವಿಕೆಯನ್ನು ನಾನು ಜಾಕ್ಸನ್ ಅವರ ಶ್ರೇಷ್ಠ ಕೆಲಸಗಳಲ್ಲಿ ಒಂದೆಂದು ಎಣಿಸುತ್ತೇನೆ. 1975ರಲ್ಲಿ ಮೆಂಫಿಸ್‌ನ ತಮ್ಮ ಮನೆಯಲ್ಲೇ ಅವರು ಗುಂಡೇಟಿಗೆ ಬಲಿಯಾದರು. 40 ವರ್ಷವೂ ಆಗಿರಲಿಲ್ಲ.

‘ಗ್ರ್ಯಾಂಡ್‌ಮಾಸ್ ಹ್ಯಾಂಡ್ಸ್’ ಇನ್ನೊಂದು ಬಗೆಯ ಹಾಡು. ಬೆಕ್ಲಿಯಲ್ಲಿ ತಮ್ಮನ್ನು ಅಕ್ಕರೆಯಿಂದ ಕಂಡ ಅಜ್ಜಿ ಲೂಲಾ ಅವರನ್ನು ನೆನೆದು ವಿದರ್ಸ್ ಬರೆದದ್ದು. ಅಜ್ಜಿಯ ಮುಖ ಹೇಗಿತ್ತು, ಎಷ್ಟು ಒಳ್ಳೆಯವರು ಎಂದು ವರ್ಣಿಸಲು ಹೋಗದೆ ಹಾಡು ಅವರ ಕೈಗಳನ್ನೇ ಹಿಡಿದು ಸಾಗುತ್ತದೆ: ಭಾನುವಾರ ಬೆಳಿಗ್ಗೆ ಚರ್ಚಿನಲ್ಲಿ ಚಪ್ಪಾಳೆ ತಟ್ಟುವ ಕೈ, ಕಂಜಿರದಂಥ ಟ್ಯಾಂಬರೀನ್ ಬಾರಿಸುವ ಕೈ, ನೋವಿನಿಂದ ಊದಿಕೊಳ್ಳುವ ಕೈ, ಬಿದ್ದ ಮಗುವನ್ನು ಎತ್ತಿಕೊಳ್ಳುವ ಕೈ. ಇದನ್ನು ಹಾಡುವಾಗ ಕಂಠದಲ್ಲಿ ಬೆಚ್ಚನೆಯ ಗುನುಗು ಇದೆ, ಗದ್ಗದ ಇಲ್ಲ. ವಾದ್ಯಗಳೂ ಅದೇ ಮಟ್ಟದಲ್ಲಿ ನಿಲ್ಲುತ್ತವೆ. ಚರ್ಚಿನ ಪ್ರಸ್ತಾಪ ಬಂತೆಂದು ಆರ್ಗನ್ನನ್ನು ದೇವರ ಹಾಡಿನ ಶ್ರುತಿಗೆ ಏರಿಸುವುದು ಬುಕರ್‌ಗೆ ಎಡಗೈ ಕೆಲಸವಾಗಿತ್ತು, ಅವರು ಏರಿಸಲಿಲ್ಲ. ಆರಂಭದ ಆ ಗುನುಗು ಮತ್ತು ಗಿಟಾರಿನ ನಡೆ ಎಷ್ಟು ಗಟ್ಟಿಯಾಗಿದ್ದವೆಂದರೆ 25 ವರ್ಷಗಳ ನಂತರ, 1996ರಲ್ಲಿ, ‘ಬ್ಲ್ಯಾಕ್‌ಸ್ಟ್ರೀಟ್’ ತಂಡ ಅದರ ತುಣುಕನ್ನೇ ಎತ್ತಿಕೊಂಡು ‘ನೋ ಡಿಗಿಟಿ’ ಎಂಬ ಹಾಡನ್ನು ಅದರ ಮೇಲೆ ಕಟ್ಟಿತು. ಈ ಅಜ್ಜಿಯ ಹೆಸರೇ ಕೇಳದ ಒಂದು ತಲೆಮಾರು ಅದಕ್ಕೆ ಕುಣಿಯಿತು.

ಉಳಿದ ಹಾಡುಗಳನ್ನು ಬೇಗ ನೋಡಿಬಿಡೋಣ. ಆಲ್ಬಮ್ ಆರಂಭವಾಗುವ ‘ಹಾರ್ಲೆಮ್’ನಲ್ಲಿ ವಾದ್ಯವೃಂದಕ್ಕೆ ಹೆಚ್ಚು ಸ್ವಾತಂತ್ರ್ಯವಿದೆ, ಚರಣದಿಂದ ಚರಣಕ್ಕೆ ಶ್ರುತಿ ಏರುತ್ತಾ ಹೋಗುತ್ತದೆ, ಆ ಏರಿಕೆಯಲ್ಲಿ ನ್ಯೂಯಾರ್ಕಿನ ಕರಿಯರ ಆ ಬಡಾವಣೆಯ ಚಳಿ, ಶನಿವಾರದ ರಾತ್ರಿ, ಭಾನುವಾರದ ಪ್ರಾರ್ಥನೆ ಎಲ್ಲವೂ ಸೇರಿಕೊಳ್ಳುತ್ತವೆ. ಕೊನೆಯ ‘ಬೆಟರ್ ಆಫ್ ಡೆಡ್’, ಕುಡುಕ ಗಂಡನೊಬ್ಬನ ಸ್ವಗತ, ಗುಂಡಿನ ಸದ್ದಿನೊಂದಿಗೆ ಮುಗಿಯುತ್ತದೆ. ಮೊದಲ ಆಲ್ಬಮಿನಲ್ಲಿ ಹೀಗೆ ಮುಗಿಸಲು ಧೈರ್ಯ ಬೇಕು. ಬೇರೆಯವರ ಎರಡು ಹಾಡುಗಳು ಮಾತ್ರ, ಬೀಟಲ್ಸ್ ತಂಡದ ‘ಲೆಟ್ ಇಟ್ ಬಿ’ ಮತ್ತು ಫ್ರೆಡ್ ನೀಲ್ ಅವರ ‘ಎವೆರಿಬಡೀಸ್ ಟಾಕಿನ್’, ನನ್ನ ಅಭಿಪ್ರಾಯದಲ್ಲಿ ಇಲ್ಲಿ ಬೇಕಿರಲಿಲ್ಲ. ಚೆನ್ನಾಗಿಯೇ ಹಾಡಿದ್ದಾರೆ, ಆದರೆ ಜನಕ್ಕೆ ಪರಿಚಯವಿರುವುದೂ ಇರಲಿ ಎಂಬ ವ್ಯಾಪಾರದ ಎಚ್ಚರಿಕೆ ಅವುಗಳ ಹಿಂದೆ ಇದ್ದಂತೆ ನನಗೆ ಕೇಳಿಸುತ್ತದೆ.

ಕಂಪನಿ ‘ಹಾರ್ಲೆಮ್’ ಹಾಡನ್ನು ಮುಂದಿಟ್ಟು, ‘ಏಂಟ್ ನೋ ಸನ್‌ಶೈನ್’ ಹಾಡನ್ನು ಅದೇ ಗ್ರಾಮಫೋನ್ ತಟ್ಟೆಯ ಹಿಂಬದಿಯಲ್ಲಿ ಹಾಕಿ ಹೊರತಂದಿತು. ರೇಡಿಯೋದವರು ತಟ್ಟೆಯನ್ನು ತಿರುಗಿಸಿ ಹಾಕತೊಡಗಿದರು. ಹಾಡು ಅಮೆರಿಕದ ಜನಪ್ರಿಯ ಹಾಡುಗಳ ಬಿಲ್‌ಬೋರ್ಡ್ ಪಟ್ಟಿಯಲ್ಲಿ 3ನೇ ಸ್ಥಾನಕ್ಕೇರಿತು, 1972ರಲ್ಲಿ ಅತ್ಯುತ್ತಮ ರಿದಮ್ ಆ್ಯಂಡ್ ಬ್ಲೂಸ್ ಗೀತೆಗಾಗಿ ಗ್ರ್ಯಾಮಿ ಪಡೆಯಿತು. ಬೋಯಿಂಗ್ 747 ವಿಮಾನದ ಶೌಚಾಲಯಗಳಿಗೆ ಬೇಕಾದ ಭಾಗಗಳನ್ನು ಮಾಡುತ್ತಿದ್ದ ಕೆಲಸಗಾರ ಇವರೆಂಬುದನ್ನು ನೆನೆದು ಕಂಪನಿಯವರು ಅವರಿಗೆ ಬಂಗಾರದ ಬಣ್ಣದ ಕಮೋಡ್ ಸೀಟನ್ನೇ ಉಡುಗೊರೆ ಕೊಟ್ಟರು. ಆಲ್ಬಮಿನ ಹೊದಿಕೆಯ ಚಿತ್ರ ತೆಗೆದದ್ದೂ ಬರ್ಬ್ಯಾಂಕ್‌ನ ಆ ಕಾರ್ಖಾನೆಯಲ್ಲೇ, ಊಟದ ಬಿಡುವಿನಲ್ಲಿ: ಕೈಯಲ್ಲಿ ಊಟದ ಡಬ್ಬಿ, ಮುಖದಲ್ಲಿ ನಗು. ಕಾರ್ಖಾನೆಯವರು ನಡುವೆ ಅವರನ್ನು ಕೆಲಸದಿಂದ ಬಿಡಿಸಿದ್ದರು. ಮತ್ತೆ ಬನ್ನಿ ಎಂಬ ಅವರ ಪತ್ರವೂ, ಜಾನಿ ಕಾರ್ಸನ್ ಅವರ ಟಿವಿ ಕಾರ್ಯಕ್ರಮದ ಆಹ್ವಾನವೂ ಒಂದೇ ದಿನ ಕೈಸೇರಿದವೆಂದು ವಿದರ್ಸ್ ನೆನಪಿಸಿಕೊಳ್ಳುತ್ತಿದ್ದರು.

ಮರುವರ್ಷದ ‘ಸ್ಟಿಲ್ ಬಿಲ್’ ಆಲ್ಬಮಿಗೆ ‘ವಾಟ್ಸ್ 103ನೇ ಸ್ಟ್ರೀಟ್ ರಿದಮ್ ಬ್ಯಾಂಡ್’ನ ವಾದಕರು ಜೊತೆಯಾದರು, ‘ಲೀನ್ ಆನ್ ಮಿ’ ಪಟ್ಟಿಯ ತುದಿಗೇರಿತು. ತೊಡಕು ಶುರುವಾದದ್ದು ಸಸೆಕ್ಸ್ ಮುಚ್ಚಿ, 1975ರಲ್ಲಿ ಕೊಲಂಬಿಯಾ ಎಂಬ ದೊಡ್ಡ ಕಂಪನಿಗೆ ಹೋದ ಮೇಲೆ. ಅಲ್ಲಿ ಹಾಡು ಹೇಗಿರಬೇಕೆಂದು ಹೇಳಲು ಅಧಿಕಾರಿಗಳಿದ್ದರು. ಅವರಲ್ಲೊಬ್ಬರು ಬಿಳಿಯ ಗಾಯಕ ಎಲ್ವಿಸ್ ಪ್ರೀಸ್ಲಿ ಕೊಳೆಗೇರಿಯ ಬದುಕಿನ ಬಗ್ಗೆ ಹಾಡಿದ್ದ ‘ಇನ್ ದಿ ಘೆಟ್ಟೋ’ ಹಾಡನ್ನು ಹಾಡಿ ಎಂದು ಸಲಹೆ ಕೊಟ್ಟರು. ‘ಹಾರ್ಲೆಮ್’ ಬರೆದವರಿಗೆ ಕೊಟ್ಟ ಸಲಹೆ ಇದು. ಅಂಥ ಮಾತುಗಳಿಂದ ನೊಂದ ವಿದರ್ಸ್ 1985ರ ಆಲ್ಬಮಿನ ನಂತರ ಧ್ವನಿಮುದ್ರಣದ ಲೋಕದಿಂದಲೇ ಹೊರನಡೆದರು. 2020ರ ಮಾರ್ಚ್ 30ರಂದು ತೀರಿಕೊಳ್ಳುವ ತನಕ ಇನ್ನೊಂದು ಆಲ್ಬಮ್ ಮಾಡಲಿಲ್ಲ. ಕಂಠ ಅದೇ, ಬರೆಯುವ ಕೈ ಅದೇ. ಪಕ್ಕದಲ್ಲಿ ಕೂತವರು ಬದಲಾಗಿದ್ದರು.

ಪ್ರಶ್ನೋತ್ತರಕ್ಕೆ ಹೋಗುವ ಮೊದಲು ಆಲ್ಬಮಿನ ಎರಡನೇ ಬದಿಯ ಮೊದಲ ಹಾಡು ‘ಹೋಪ್ ಷಿ ವಿಲ್ ಬಿ ಹ್ಯಾಪಿಯರ್’ ಕೇಳೋಣ, ಎರಡು ಸಲ. ಮೊದಲನೆಯದು ಸ್ಟುಡಿಯೋದ ಧ್ವನಿಮುದ್ರಣ. ಎರಡನೆಯದು 1974ರ ಸೆಪ್ಟೆಂಬರಿನಲ್ಲಿ, ಆಗ ಜಾಯಿರ್ ಎನಿಸಿದ್ದ ಕಾಂಗೋ ದೇಶದ ಕಿನ್ಶಾಸಾದಲ್ಲಿ, ತುಂಬಿದ ಕ್ರೀಡಾಂಗಣದ ಮುಂದೆ ವಿದರ್ಸ್ ಗಿಟಾರ್ ಹಿಡಿದು ಒಬ್ಬರೇ ಕೂತು ಹಾಡಿದ್ದು. ಒಂದರ ಪಕ್ಕ ಒಂದನ್ನಿಟ್ಟು ಕೇಳಿದರೆ, ಬುಕರ್ ಟಿ. ಜೋನ್ಸ್ ಮತ್ತು ಸಂಗಡಿಗರು ಆ ಹಾಡಿಗೆ ಎಷ್ಟು ಕಡಿಮೆ ಸೇರಿಸಿದ್ದರು, ಆ ಕಡಿಮೆಯನ್ನು ಎಲ್ಲೆಲ್ಲಿ ಇಟ್ಟಿದ್ದರು ಎಂಬುದು ನಿಮ್ಮ ಕಿವಿಗೇ ಸಿಗುತ್ತದೆ.